ಚೌಕಟ್ಟಿನ ಹೊರಗೆ ಉಳಿದವರು

ಮನೆಯ ಹಳೆಯ ಆಲ್ಬಮ್ ಒಮ್ಮೆ ತೆರೆದು ನೋಡಿ. ಮೊದಲ ಪರಮಪ್ರಸಾದದ ದಿನ ಇಗರ್ಜಿಯ ಮೆಟ್ಟಿಲ ಮೇಲೆ ಸಾಲಾಗಿ ನಿಂತ ಮಕ್ಕಳು, ಬಿಳಿ ಉಡುಪು, ಕೈಯಲ್ಲಿ ಮೇಣದ ಬತ್ತಿ. ಫೋಟೋದ ಅಂಚಿನಲ್ಲಿ ಯಾರದೋ ಅರ್ಧ ಸೆರಗು, ಒಂದು ಮೊಣಕೈ. ಅದೇ ಫೋಟೋವನ್ನು ದೊಡ್ಡದು ಮಾಡಿ ಕಟ್ಟು ಹಾಕಿಸುವಾಗ ಸ್ಟುಡಿಯೋದವರು ಆ ಮೊಣಕೈಯನ್ನು ತೆಗೆದುಬಿಡುತ್ತಾರೆ. ಚಿತ್ರವೇನೋ ಚೆನ್ನಾಗುತ್ತದೆ. ಆದರೆ ಅಂದು ಬೆಳಗ್ಗಿನಿಂದ ಮಗುವಿನ ತಲೆಯ ಹೂಮುಡಿ ಸರಿಪಡಿಸುತ್ತಾ ಓಡಾಡಿದ ಚಿಕ್ಕಮ್ಮ ಅದರೊಂದಿಗೆ ಹೋಗಿಬಿಡುತ್ತಾಳೆ.

ಕ್ಯಾಮೆರಾ ಇಲ್ಲದೆಯೂ ಇದನ್ನು ಪರೀಕ್ಷಿಸಬಹುದು. ಹಳೆಯ ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಅಂಗೈಯಗಲದ ಕಿಟಕಿಯೊಂದನ್ನು ಕತ್ತರಿಸಿ, ಕ್ರಿಸ್ಮಸ್ ಗೋದಲಿಯ ಮುಂದೆ ಹಿಡಿದು ಒಂದು ಕಣ್ಣಿನಿಂದ ನೋಡಿ. ರಟ್ಟನ್ನು ಕಣ್ಣಿನಿಂದ ದೂರ ಹಿಡಿದರೆ ಮಾತೆ ಮರಿಯ ಮತ್ತು ಬಾಲಯೇಸು ಮಾತ್ರ ಕಾಣುತ್ತಾರೆ; ಮನಸ್ಸಿಗೆ ಶಾಂತಿ. ತುಸು ಹತ್ತಿರ ತಂದರೆ ಜೋಸೆಫರು, ಎತ್ತು, ಕುರಿಗಾಹಿಗಳು ಬಂದು ಸೇರುತ್ತಾರೆ, ಅದೊಂದು ಕಥೆಯಾಗುತ್ತದೆ. ಇನ್ನೂ ಹತ್ತಿರ ತಂದರೆ ವಿದ್ಯುತ್ ತಂತಿ, ಕಾಣಿಕೆ ಡಬ್ಬಿ, ಚಪ್ಪಲಿಗಳ ರಾಶಿ! ಗೋದಲಿ ಬದಲಾಗಲಿಲ್ಲ, ಚೌಕಟ್ಟು ಬದಲಾಯಿತು.

ಈ ಮಾತಿಗೆ ನನಗೆ ಸದಾ ನೆನಪಾಗುವುದು 1936ರಲ್ಲಿ ಅಮೆರಿಕದಲ್ಲಿ ತೆಗೆದ ಒಂದು ಫೋಟೋ. ಜಗತ್ತು ಅದನ್ನು 'ವಲಸೆ ತಾಯಿ' ಎಂದು ಕರೆಯುತ್ತದೆ.

ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಸರಕಾರದ ಕೆಲಸದ ಮೇಲೆ ಬಡ ಕೃಷಿಕೂಲಿಗಳ ಚಿತ್ರ ತೆಗೆಯುತ್ತಾ ಒಂದು ತಿಂಗಳು ಸುತ್ತಿ, ಮಳೆಯಲ್ಲಿ ಮನೆಯತ್ತ ಕಾರು ಓಡಿಸುತ್ತಿದ್ದರು. ಕ್ಯಾಲಿಫೋರ್ನಿಯಾದ ನಿಪೊಮೊ ಎಂಬಲ್ಲಿ ಬಟಾಣಿ ಕೀಳುವವರ ಬಿಡಾರದ ಫಲಕ ಕಂಡಿತು. ನಿಲ್ಲಿಸಲಿಲ್ಲ. ಆದರೆ ಮನಸ್ಸು ಕೇಳಬೇಕಲ್ಲ; ಸುಮಾರು 32 ಕಿಲೋಮೀಟರ್ ಮುಂದೆ ಹೋದ ಮೇಲೆ ಕಾರು ತಿರುಗಿಸಿದರು. ಅಲ್ಲಿ ಬಟಾಣಿ ಬೆಳೆ ಚಳಿಗೆ ಸುಟ್ಟುಹೋಗಿತ್ತು, ಕೂಲಿ ಇರಲಿಲ್ಲ. ಹರಕು ಡೇರೆಯೊಂದರಲ್ಲಿ 32 ವರ್ಷದ ತಾಯಿ ಮಕ್ಕಳೊಂದಿಗೆ ಕುಳಿತಿದ್ದಳು.

ಲ್ಯಾಂಗ್ ತೆಗೆದದ್ದು ಒಂದೇ ಫೋಟೋ ಅಲ್ಲ. ದೂರದಿಂದ ತೆಗೆದ ಮೊದಲಿನದರಲ್ಲಿ ಇಡೀ ಡೇರೆ, ಸುತ್ತಲಿನ ಬಯಲು, ಕುರ್ಚಿಯಲ್ಲಿ ಕುಳಿತ ಹದಿಹರೆಯದ ಮಗಳು ಎಲ್ಲ ಇವೆ. ಯಾವುದೋ ಬಿಡಾರದ ಸಾಧಾರಣ ದೃಶ್ಯ. ನಾವು ನೋಡಿ ಪುಟ ತಿರುಗಿಸುತ್ತೇವೆ. ಆಕೆ ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬಂದರು. ದೊಡ್ಡ ಮಗಳು ಚೌಕಟ್ಟಿನಿಂದ ಹೊರಗಾದಳು. ಡೇರೆ ಬರಿಯ ಹಿನ್ನೆಲೆಯಾಯಿತು. ಕೊನೆಯ ಚಿತ್ರದಲ್ಲಿ ಇಬ್ಬರು ಚಿಕ್ಕ ಮಕ್ಕಳು ಮುಖ ತಿರುಗಿಸಿ ತಾಯಿಯ ಹೆಗಲಿಗೆ ಒರಗಿದ್ದಾರೆ, ಮಡಿಲಲ್ಲಿ ಕೂಸು, ಕೆನ್ನೆಗೆ ತಗುಲಿದ ತಾಯಿಯ ಕೈ. ಆ ಚಿತ್ರದಲ್ಲಿ ಪೂರ್ತಿಯಾಗಿ ಕಾಣುವ ಮುಖ ಅವಳದೊಂದೇ. ಮಗುವನ್ನೆತ್ತಿದ ಮಾತೆ ಮರಿಯಳ ಚಿತ್ರ ನೋಡಿ ಬೆಳೆದ ನಮಗೆ ಆ ಭಂಗಿಯ ಪರಿಚಯ ಬೇರೆ ಹೇಳಬೇಕಿಲ್ಲ. ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳು ಮೂಲೆಯಲ್ಲಿ ಉಳಿದಿತ್ತು. ಅದನ್ನೂ ಲ್ಯಾಂಗ್ ಆಮೇಲೆ ನೆಗೆಟಿವ್‌ನಲ್ಲಿ ಅಳಿಸಿಹಾಕಿಸಿದರು.

ಆ ಬಿಡಾರದ ಚಿತ್ರಗಳು 1936ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯಲ್ಲಿ ಬಂದವು. ಸರಕಾರ ಅಲ್ಲಿಗೆ ಸುಮಾರು 9,000 ಕಿಲೋ ಆಹಾರ ಕಳುಹಿಸಿತು. ಒಂದು ಕ್ಯಾಮೆರಾ ಹಸಿದವರಿಗೆ ಅನ್ನ ತಂದುಕೊಟ್ಟಿತು. ಇದನ್ನು ಸಣ್ಣ ಮಾತೆನ್ನಲು ನನಗೆ ಮನಸ್ಸಾಗದು. ಆದರೆ ಆ ಅನ್ನ ಬರುವಷ್ಟರಲ್ಲಿ ಈ ತಾಯಿ ಮಕ್ಕಳೊಂದಿಗೆ ಕೂಲಿ ಹುಡುಕಿಕೊಂಡು ಬೇರೆ ಊರಿಗೆ ಹೋಗಿಯಾಗಿತ್ತು.

ಅವಳ ಹೆಸರನ್ನು ಲ್ಯಾಂಗ್ ಕೇಳಿರಲಿಲ್ಲ. ಆ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ: ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಆಕೆ ಅಮೆರಿಕದ ಮೂಲನಿವಾಸಿ ಚೆರೋಕೀ ಜನಾಂಗದವಳು. ಫೋಟೋದಲ್ಲಿ ಅದರ ಸುಳಿವಿಲ್ಲ. ಅವರದು ಆ ಬಿಡಾರದ ವಾಸವೂ ಆಗಿರಲಿಲ್ಲವಂತೆ. ದಾರಿಯಲ್ಲಿ ಕಾರು ಕೆಟ್ಟು ನಿಂತದ್ದಷ್ಟೆ. ಮನೆಯ ಗಂಡಸರು ಕಾರಿನ ಭಾಗ ರಿಪೇರಿ ಮಾಡಿಸಲು ಪಟ್ಟಣಕ್ಕೆ ಹೋಗಿದ್ದರೆಂದು ಮಕ್ಕಳು ಹೇಳಿದ್ದಾರೆ. ಹಾಗಾದರೆ ನಾವು ನೋಡಿದ 'ಆಸರೆಯಿಲ್ಲದ ತಾಯಿ' ಚೌಕಟ್ಟಿನ ಒಳಗೆ ಮಾತ್ರ ಆಸರೆಯಿಲ್ಲದವಳು. ಬಡತನವಂತೂ ನಿಜ, ಹಸಿವೂ ನಿಜ. ಚೌಕಟ್ಟು ಸುಳ್ಳು ಹೇಳಲಿಲ್ಲ, ಪೂರ್ತಿ ಹೇಳಲೂ ಇಲ್ಲ.

ಆ ಫೋಟೋದಿಂದ ತನಗೆ ಒಂದು ಕಾಸೂ ಸಿಗಲಿಲ್ಲವೆಂಬ ನೋವು ಫ್ಲಾರೆನ್ಸ್‌ಗೆ ಇತ್ತು. ಸರಕಾರಿ ಕೆಲಸವಾದ್ದರಿಂದ ಲ್ಯಾಂಗ್‌ಗೂ ಅದರ ಮಾರಾಟದ ಹಣ ಬರಲಿಲ್ಲ ಎಂಬುದನ್ನೂ ಹೇಳಬೇಕು. 1983ರಲ್ಲಿ ಫ್ಲಾರೆನ್ಸ್ ಕಾಯಿಲೆ ಬಿದ್ದಾಗ ಮಕ್ಕಳು ಪತ್ರಿಕೆಯ ಮೂಲಕ ಸಹಾಯ ಬೇಡಿದರು. ಆ ಚಿತ್ರವನ್ನು ನೋಡಿ ಮರೆಯದವರಿಂದ ಕಾಗದಗಳು ಬಂದವು, 35,000 ಡಾಲರಿಗೂ ಹೆಚ್ಚು ಹಣ ಕೂಡಿತು. ಆ ಕಾಗದಗಳನ್ನು ಓದಿದ ಮೇಲೆಯೇ ಮಕ್ಕಳಿಗೆ ಆ ಫೋಟೋದ ಬಗ್ಗೆ ತುಸು ಹೆಮ್ಮೆ ಮೂಡಿತಂತೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆಕೆ ತೀರಿಕೊಂಡಳು.

ಅಂದು ಮಡಿಲಲ್ಲಿ ಮಲಗಿದ್ದ ಕೂಸು ಬೆಳೆದು ದೊಡ್ಡವಳಾದ ಮೇಲೆ ಒಮ್ಮೆ ಮಾತಾಡಿದ್ದುಂಟು. ಅಮ್ಮನಿಗೆ ಹಾಡು ಇಷ್ಟ, ಕುಣಿತ ಇಷ್ಟ. ಆ ಫೋಟೋ ನೋಡಿದರೆ ನನಗೆ ಬೇಸರವಾಗುತ್ತದೆ, ಅಮ್ಮನನ್ನು ಹಾಗೆ ನೆನೆಯಲು ಇಷ್ಟವಿಲ್ಲ ಎಂದಳು ಆ ಮಗಳು.