ಕಡುಗೋಪದ ಮಕ್ಕಳು

ಹಟಮಾಡದ ಮಗುವನ್ನು ಕಂಡವರುಂಟೆ? ಎರಡು ಮೂರು ವರ್ಷದ ಕೂಸು ಬೇಕೆಂದ ವಸ್ತು ದೊರೆಯದಿದ್ದರೆ ನೆಲಕ್ಕೆ ಬಿದ್ದು ಹೊರಳುವುದು, ಕೈಕಾಲು ಬಡಿದು ಅಳುವುದು ಸರ್ವಸಾಮಾನ್ಯವಾದ ಸಂಗತಿ. ಮಾತು ಬೆಳೆದಂತೆ, ತಿಳಿವಳಿಕೆ ಬಲಿತಂತೆ ಈ ಹಟ ತಾನಾಗಿಯೇ ಇಳಿದುಹೋಗುತ್ತದೆ. ಅದರ ವಿಚಾರವಾಗಿ ಈ ಭಾಷಣದಲ್ಲಿ ನಾವು ಹೇಳಬೇಕಾದದ್ದೇನೂ ಇಲ್ಲ. ಆದರೆ ಕೆಲವು ಮಕ್ಕಳಲ್ಲಿ ಅದು ಇಳಿಯುವುದಿಲ್ಲ. ಏಳು, ಎಂಟು, ಹತ್ತು ವರ್ಷಗಳಾದರೂ ವಾರದಲ್ಲಿ ಹಲವು ಬಾರಿ ಅಲ್ಪ ಕಾರಣಕ್ಕೆ ಅವರು ಸಿಡಿದೇಳುತ್ತಾರೆ. ಸಿಡಿಯದ ವೇಳೆಯಲ್ಲಿಯೂ ಅವರ ಮುಖ ಅರಳಿರುವುದಿಲ್ಲ. ಅಂತಹ ಮಕ್ಕಳನ್ನೂ ಅವರನ್ನು ಸಾಕುವ ತಾಯಿತಂದೆಗಳನ್ನೂ ಕುರಿತು ನಾಲ್ಕು ಮಾತುಗಳನ್ನು ಹೇಳಲು ಉದ್ದೇಶಿಸಿದ್ದೇವೆ.

ಈ ವಿಷಯವನ್ನು ನಾವು ಪುಸ್ತಕಗಳಲ್ಲಿ ಓದಿದ್ದಕ್ಕಿಂತ ಮೊದಲು ನಮ್ಮ ಮನೆಯಲ್ಲಿಯೇ ಕಂಡೆವು. ನಮ್ಮ ಮಗನಿಗೆ ಆಗ ಎಂಟು ವರ್ಷ. ಒಂದು ದಿನ ಬೆಳಗ್ಗೆ ಅವನು ನಿತ್ಯವೂ ಹಾಲು ಕುಡಿಯುತ್ತಿದ್ದ ಲೋಟದಲ್ಲಿ ಅವನ ತಂಗಿಗೆ ಹಾಲು ಕೊಟ್ಟದ್ದಾಯಿತು. ಅಷ್ಟಕ್ಕೆ ಲೋಟ ಗೋಡೆಗೆ ಬಡಿಯಿತು. ತಟ್ಟೆ ಅಂಗಳಕ್ಕೆ ಹಾರಿತು. ತಂಗಿ ನೂಕಿಸಿಕೊಂಡು ಬಿದ್ದಳು. ತಡೆಯಲು ಹೋದ ತಾಯಿಯ ಕೈಯಲ್ಲಿ ಹಲ್ಲಿನ ಗುರುತು ಮೂಡಿತು. ಮುಕ್ಕಾಲು ಗಂಟೆ ಹೀಗೆ ಕಳೆದು ಹುಡುಗ ಬಳಲಿ ನಿದ್ರೆಹೋದ. ಎದ್ದ ಮೇಲೆ ತಾಯಿಯ ಸೆರಗನ್ನು ಹಿಡಿದು, "ಅಮ್ಮ, ನಾನು ಕೆಟ್ಟವನಾ?" ಎಂದು ಕೇಳಿದ. ಆಕೆ ನಮ್ಮ ಮುಖವನ್ನು ನೋಡಿದರು. ನಮಗೆ ಉತ್ತರ ತೋಚಲಿಲ್ಲ. ಆ ದಿನ ನಾವೂ ಅವನ ಮೇಲೆ ಕೈಮಾಡಿದ್ದೆವೆಂಬುದನ್ನು ಇಲ್ಲಿ ಮರೆಮಾಚುವುದು ಸರಿಯಲ್ಲ.

ಇಂತಹ ಮನೆಗೆ ಬುದ್ಧಿ ಹೇಳುವವರು ಹಲವರು. ಹಿರಿಯರು ದೃಷ್ಟಿ ತಗುಲಿದೆಯೆಂದು ಉಪ್ಪು ಮೆಣಸಿನಕಾಯಿಗಳನ್ನು ನಿವಾಳಿಸಿದರು. ನೆರೆಯವರು ತಾಯಿಯ ಮುದ್ದು ಹೆಚ್ಚಾಯಿತೆಂದರು. ನೆಂಟರೊಬ್ಬರು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಹೇಳಿ ಬೆತ್ತವನ್ನು ಸೂಚಿಸಿದರು. ಗಾದೆಯೇನೋ ದೊಡ್ಡದು, ಆದರೆ ಗಿಡವನ್ನು ಬಗ್ಗಿಸುವವನು ಮೊದಲು ಅದರ ಬೇರಿಗೆ ಏನಾಗಿದೆಯೆಂದು ನೋಡಬೇಡವೆ? ಆದುದರಿಂದ ಈ ಕೋಪದ ಬೇರನ್ನು ಕುರಿತು ಶಾಸ್ತ್ರಜ್ಞರು ಏನು ಕಂಡುಕೊಂಡಿದ್ದಾರೆಂಬುದನ್ನು ಮೊದಲು ವಿಚಾರಿಸೋಣ.

1990ರ ದಶಕದಲ್ಲಿ ಅಮೆರಿಕದ ಕೆಲವು ವೈದ್ಯರು ಇಂತಹ ಮಕ್ಕಳಿಗೆ ಬೈಪೋಲಾರ್ ರೋಗವಿದೆಯೆಂದು ಹೇಳತೊಡಗಿದರು. ಬೈಪೋಲಾರ್ ಎಂದರೆ ಉನ್ಮಾದ, ಖಿನ್ನತೆ ಎಂಬ ಎರಡು ಅವಸ್ಥೆಗಳು ಒಂದಾದ ಮೇಲೊಂದು ಬಂದುಹೋಗುವ ಕಾಯಿಲೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಎಳೆಯರು ಈ ಹೆಸರಿನ ಕಾಯಿಲೆಗಾಗಿ ವೈದ್ಯರಲ್ಲಿಗೆ ಹೋದ ಸಂದರ್ಭಗಳು ಆ ದೇಶದಲ್ಲಿ 1994-95ರಿಂದ 2002-03ರ ವೇಳೆಗೆ ಸುಮಾರು 40 ಪಾಲು ಹೆಚ್ಚಿದವು. ರೋಗ ಅಷ್ಟು ಬೇಗ ಅಷ್ಟು ಹೆಚ್ಚಿತೆಂದು ನಂಬುವುದು ಕಷ್ಟ; ಹೆಸರಿಡುವ ರೀತಿ ಬದಲಾಯಿತೆಂದು ತಿಳಿಯುವುದೇ ಯುಕ್ತ. ಹೆಸರಿನೊಡನೆ ಔಷಧಗಳೂ ಬರುತ್ತವಾದ್ದರಿಂದ ಇದು ಬರಿಯ ಶಬ್ದದ ವಿಚಾರವಾಗಿರಲಿಲ್ಲ. ಆ ದೇಶದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಎಲೆನ್ ಲೈಬೆನ್‌ಲುಫ್ಟ್ ಎಂಬ ವೈದ್ಯೆಯೂ ಆಕೆಯ ಸಹೋದ್ಯೋಗಿಗಳೂ ಈ ಮಕ್ಕಳನ್ನು ಪ್ರತ್ಯೇಕವಾಗಿ ಪರೀಕ್ಷಿಸುತ್ತ ಬಂದರು. ಇವರ ಸಿಡುಕು ಬಂದುಹೋಗುವಂಥದಲ್ಲ, ಸದಾ ನೆಲೆಸಿರುವಂಥದು. ದೊಡ್ಡವರಾದ ಮೇಲೆ ಇವರಿಗೆ ಬರುವ ಸಂಭವ ಹೆಚ್ಚಾಗಿರುವುದು ಖಿನ್ನತೆ ಮತ್ತು ಆತಂಕಗಳೇ ಹೊರತು ಬೈಪೋಲಾರ್ ಅಲ್ಲ ಎಂಬುದು ಇಂತಹ ಅಧ್ಯಯನಗಳಿಂದ ಗೊತ್ತಾಯಿತು.

ಇದರ ಫಲವಾಗಿ 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಒಂದು ಹೊಸ ಹೆಸರನ್ನು ಸೇರಿಸಿತು. ಅದು ಡಿಸ್‌ರಪ್ಟಿವ್ ಮೂಡ್ ಡಿಸ್‌ರೆಗ್ಯುಲೇಷನ್ ಡಿಸಾರ್ಡರ್. ಮನೋಭಾವವು ಹಿಡಿತಕ್ಕೆ ಸಿಕ್ಕದೆ ಬಾಳನ್ನು ಕದಡುವ ವ್ಯಾಧಿ ಎಂದು ಇದನ್ನು ವಿವರಿಸಬಹುದು. ಇದರ ಲಕ್ಷಣಗಳು ಹೀಗಿವೆ: ಸಂದರ್ಭಕ್ಕೆ ಮೀರಿದ ಕೋಪದ ಸ್ಫೋಟಗಳು ವಾರಕ್ಕೆ ಸರಾಸರಿ ಮೂರು ಬಾರಿಯಾದರೂ ಆಗುತ್ತಿರಬೇಕು, ಸ್ಫೋಟಗಳ ನಡುವಣ ದಿನಗಳಲ್ಲಿಯೂ ಮಗು ಬಹುಮಟ್ಟಿಗೆ ಸಿಡುಕಿನಿಂದಲೇ ಇರಬೇಕು, ಇದು 12 ತಿಂಗಳಾದರೂ ನಡೆದಿರಬೇಕು, ಮನೆ, ಶಾಲೆ, ಗೆಳೆಯರ ಗುಂಪು ಇವುಗಳಲ್ಲಿ ಎರಡು ಕಡೆಯಾದರೂ ಕಾಣಬೇಕು, 10 ವರ್ಷಕ್ಕೆ ಮುಂಚೆಯೇ ಆರಂಭವಾಗಿರಬೇಕು. 6 ವರ್ಷ ತುಂಬದ ಮಗುವಿಗೆ ಮೊದಲ ಬಾರಿಗೆ ಈ ಹೆಸರನ್ನು ಕೊಡುವಂತಿಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಾದರೋ ಇದನ್ನು ಬೇರೆ ರೋಗವೆಂದು ಎಣಿಸದೆ, ವಿರೋಧಿಸುವ ನಡವಳಿಕೆಯ ಒಂದು ಬಗೆಯೆಂದು ಗಣಿಸಿದೆ. ಹೆಸರಿನಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವಿದ್ದರೂ ಮಗುವಿನ ಸಂಕಟದಲ್ಲಿ ಸಂದೇಹವಿಲ್ಲ.

ಈ ಲಕ್ಷಣಗಳಲ್ಲಿ ಎರಡನೆಯದನ್ನು ವಾಚಕರು ವಿಶೇಷವಾಗಿ ಗಮನಿಸಬೇಕೆಂದು ಬಯಸುತ್ತೇವೆ. ನಾವು ಕಾಣುವುದು ಸ್ಫೋಟವನ್ನು. ಕಾಯಿಲೆಯಿರುವುದು ಸ್ಫೋಟಗಳ ನಡುವೆ. ಒಲೆಯ ಮೇಲೆ ಸದಾ ಕಾದೇ ಇರುವ ಹಾಲು ಒಂದಿಷ್ಟು ಉರಿ ಹೆಚ್ಚಿದರೂ ಉಕ್ಕುತ್ತದೆ. ಉಕ್ಕಿದಾಗ ಪಾತ್ರೆಯನ್ನು ಬಡಿದು ಪ್ರಯೋಜನವೇನು? ಉರಿಯನ್ನು ತಗ್ಗಿಸುವ ಉಪಾಯವನ್ನು ಉಕ್ಕುವ ಮೊದಲೇ ಯೋಚಿಸಬೇಕು.

ಉರಿ ಎಲ್ಲಿಂದ ಬರುತ್ತದೆ? ಎರಡು ಸಂಗತಿಗಳು ತಿಳಿದುಬಂದಿವೆ. ಮೊದಲನೆಯದು ಆಶಾಭಂಗವನ್ನು ತಾಳುವ ಶಕ್ತಿ. ಬಹುಮಾನ ಬರುವುದೆಂದು ನಂಬಿಸಿ, ಬೇಕೆಂದೇ ಸೋಲುವಂತೆ ಏರ್ಪಡಿಸಿದ ಆಟಗಳನ್ನು ಮಕ್ಕಳಿಂದ ಆಡಿಸಿ ನೋಡಿದಾಗ, ಇವರು ಇತರ ಮಕ್ಕಳಿಗಿಂತ ಬಹಳ ಹೆಚ್ಚಾಗಿ ಕದಡಿಹೋದುದು ಕಂಡುಬಂದಿತು. ಎರಡನೆಯದು ಮುಖಭಾವವನ್ನು ಓದುವ ರೀತಿ. ಯಾವ ಭಾವವೂ ಇಲ್ಲದ ಮುಖವನ್ನು ಕೋಪಗೊಂಡ ಮುಖವೆಂದು ಇವರು ತಪ್ಪಾಗಿ ತಿಳಿಯುವುದುಂಟು. ಇದನ್ನು ಓದಿದಾಗ ನಮಗೆ ಹಳೆಯದೊಂದು ಒಗಟು ಬಿಡಿಸಿದಂತಾಯಿತು. ನಾವು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿರುವಾಗ ಹುಡುಗ ಬಂದು, "ಅಪ್ಪ, ನನ್ನ ಮೇಲೆ ಯಾಕೆ ಸಿಟ್ಟು?" ಎಂದು ಕೇಳುತ್ತಿದ್ದ. ಸಿಟ್ಟೇನೂ ಇಲ್ಲವೆಂದು ನಾವು ಗದರಿಕೊಳ್ಳುತ್ತಿದ್ದೆವು. ಅವನ ಅನುಮಾನ ನಿಜವಾಗುತ್ತಿತ್ತು!

ಇನ್ನು ಮನೆಯವರ ಪಾಲೆಷ್ಟು ಎಂಬ ಪ್ರಶ್ನೆ. ಅಮೆರಿಕದ ಆರೆಗನ್ ಪ್ರಾಂತದಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಮನೆಮನೆಗಳಲ್ಲಿ ತಾಯಿತಂದೆ ಮಕ್ಕಳ ನಡವಳಿಕೆಯನ್ನು ಬಹುಕಾಲ ಗಮನಿಸಿ, 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ವಿಷವರ್ತುಲವನ್ನು ವಿವರಿಸಿದರು. ಅದು ಹೇಗೆಂದರೆ: ತಾಯಿ ಒಂದು ಕೆಲಸ ಹೇಳುತ್ತಾಳೆ, ಮಗು ಅರಚುತ್ತದೆ, ಅರಚಾಟ ತಾಳಲಾರದೆ ತಾಯಿ ಸುಮ್ಮನಾಗುತ್ತಾಳೆ. ಅರಚಿದರೆ ಕೆಲಸ ತಪ್ಪುತ್ತದೆಂದು ಮಗು ಕಲಿಯುತ್ತದೆ. ಬಿಟ್ಟುಕೊಟ್ಟರೆ ಗದ್ದಲ ನಿಲ್ಲುತ್ತದೆಂದು ತಾಯಿ ಕಲಿಯುತ್ತಾಳೆ. ಮತ್ತೊಂದು ದಿನ ತಂದೆ ಗರ್ಜಿಸುತ್ತಾನೆ. ಮಗು ಕ್ಷಣಕಾಲ ಬೆಚ್ಚಿ ನಿಲ್ಲುತ್ತದೆ. ಗರ್ಜನೆ ಫಲಿಸಿತೆಂದು ತಂದೆ ಕಲಿಯುತ್ತಾನೆ. ದಿನಗಳೆದಂತೆ ಇಬ್ಬರ ದನಿಯೂ ಏರುತ್ತದೆ. ಇಲ್ಲಿ ಯಾರೂ ದುಷ್ಟರಲ್ಲ. ಎಲ್ಲರೂ ಆ ಕ್ಷಣದ ಶಾಂತಿಗಾಗಿ ನಾಳಿನ ಶಾಂತಿಯನ್ನು ಮಾರುತ್ತಿದ್ದಾರೆ. ಆದುದರಿಂದ ಮಗು ಹೀಗಾದದ್ದಕ್ಕೆ ತಾಯಿಯೇ ಕಾರಣಳೆಂದು ದೂರುವುದು ಅನ್ಯಾಯ. ಆದರೂ ಮಗು ಸುಧಾರಿಸಬೇಕಾದರೆ ಮೊದಲು ಬದಲಾಗಬೇಕಾದವರು ದೊಡ್ಡವರು. ಈ ಎರಡು ಮಾತುಗಳಿಗೂ ವಿರೋಧವಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆಯನ್ನು ಕೇಳದವರಿಲ್ಲ. ನಾವು ಎಷ್ಟೋ ದಿನ ಮಾಡಿದ್ದು ಅದನ್ನೇ. ಬಾವಿಯನ್ನು ತೋಡತಕ್ಕದ್ದು ಶಾಂತವಾದ ಹೊತ್ತಿನಲ್ಲಿ. ಮೊದಲು ಎರಡು ಮೂರು ವಾರ ಒಂದು ಪುಸ್ತಕದಲ್ಲಿ ಪ್ರತಿಯೊಂದು ಸ್ಫೋಟದ ವೇಳೆ, ಸ್ಥಳ, ಅದಕ್ಕೆ ಮುಂಚೆ ನಡೆದದ್ದು, ಆಮೇಲೆ ನಡೆದದ್ದು ಇವನ್ನು ಬರೆದಿಡಬೇಕು. ನಮ್ಮ ಪುಸ್ತಕದಲ್ಲಿ ಹೆಚ್ಚಿನವು ಮೂರು ಸಂದರ್ಭಗಳಲ್ಲಿಯೇ ಇದ್ದವು: ಹಸಿದು ಶಾಲೆಯಿಂದ ಬಂದ ಹೊತ್ತು, ನಿದ್ರೆ ಕಡಮೆಯಾದ ಮರುದಿನ, ಆಡುತ್ತಿರುವಾಗ ತಟ್ಟನೆ ಎಬ್ಬಿಸಿ ಬೇರೊಂದು ಕೆಲಸಕ್ಕೆ ಕರೆದ ಕ್ಷಣ. ಬಂದ ಕೂಡಲೇ ಪ್ರಶ್ನೆ ಕೇಳದೆ ತಿಂಡಿ ಕೊಡುವುದು, ಮಲಗುವ ವೇಳೆಯನ್ನು ತಪ್ಪಿಸದಿರುವುದು, "ಇನ್ನು ಹತ್ತು ನಿಮಿಷ ಆಡಪ್ಪ, ಆಮೇಲೆ ಸ್ನಾನ" ಎಂದು ಮುಂಚಿತವಾಗಿ ತಿಳಿಸುವುದು ಇಷ್ಟರಿಂದಲೇ ಬರೆಯಬೇಕಾದ ಪುಟಗಳು ಕಡಮೆಯಾದವು. ಮನೆಯ ನಿಯಮಗಳು ಕೆಲವೇ ಇರಲಿ. ಆದರೆ ಅಜ್ಜಿ ತಾತ ಅಪ್ಪ ಅಮ್ಮ ಎಲ್ಲರ ಬಾಯಲ್ಲೂ ಒಂದೇ ಆಗಿರಲಿ. ಮಗು ಕೋಪವನ್ನು ನುಂಗಿ ಮಾತಿನಲ್ಲಿ ಹೇಳಿದ ದಿನ ಅದನ್ನು ಗಮನಿಸಿ, ಇಂಥದು ಒಳ್ಳೆಯದಾಯಿತೆಂದು ಆಗಲೇ ಹೇಳಬೇಕು.

ಸ್ಫೋಟದ ನಡುವೆ ಮಾಡಬೇಕಾದದ್ದು ಅತ್ಯಲ್ಪ. ಆಗ ಉಪದೇಶ ಕಿವಿಗೆ ಹೋಗುವುದಿಲ್ಲ. ಚಿಕ್ಕ ಮಕ್ಕಳನ್ನು ಬೇರೆ ಕೋಣೆಗೆ ಕಳುಹಿಸಿ, ಕತ್ತರಿ ಚಾಕುಗಳನ್ನು ದೂರವಿರಿಸಿ, ದನಿ ತಗ್ಗಿಸಿ, ಸ್ವಲ್ಪ ಅಂತರದಲ್ಲಿ ನಿಲ್ಲುವುದು, ಬೇಡವೆಂದದ್ದನ್ನು ಕೊಡದಿರುವುದು, ಹೊಸ ಶಿಕ್ಷೆಗಳನ್ನು ಸಾರದಿರುವುದು. ಇಷ್ಟು ಸಾಕು. ಹೊಡೆತವಂತೂ ಕೂಡದು; ಕೋಪ ಬಂದಾಗ ಕೈಮಾಡಬಹುದೆಂಬ ಪಾಠವನ್ನು ಹೊಡೆತವೇ ಕಲಿಸುತ್ತದೆ. ತಣ್ಣಗಾದ ಮೇಲೆ, ಚೆಲ್ಲಿದ್ದನ್ನು ಒರೆಸಲು, ನೊಂದ ತಂಗಿಯನ್ನು ಸಂತೈಸಲು ಮಗುವನ್ನು ಜೊತೆಗೆ ಕರೆದುಕೊಳ್ಳಬೇಕು. ಅವಮಾನಪಡಿಸದೆ ಹೊಣೆಯನ್ನು ಕಲಿಸುವ ದಾರಿ ಇದು. ಅಣ್ಣನ ಕೋಪಕ್ಕೆ ಹೆದರಿ ಮೌನವಾಗಿ ಬೆಳೆಯುವ ತಂಗಿಯೂ ಮನೆಯಲ್ಲಿದ್ದಾಳೆಂಬುದನ್ನು ಮರೆಯಬಾರದು. ದಿನದ ಒಂದಿಷ್ಟು ಹೊತ್ತು ಅವಳೊಬ್ಬಳಿಗೇ ಮೀಸಲಾಗಿರಲಿ.

ಆದರೆ ಇಷ್ಟನ್ನು ಕೇಳಿದ ಮಾತ್ರಕ್ಕೆ ತಾಯಿತಂದೆಗಳೇ ರೋಗಕ್ಕೆ ಹೆಸರಿಡತಕ್ಕದ್ದಲ್ಲ. ಅಕ್ಷರ ಕೂಡಿಸಿ ಓದಲಾರದ ತೊಡಕು, ಗಮನ ನಿಲ್ಲದಿರುವುದು, ಆಟಿಸಂ, ಆತಂಕ, ಕಿವಿ ಮಂದವಾಗಿರುವುದು, ಶಾಲೆಯಲ್ಲಿ ಯಾರೋ ಹಿಂಸಿಸುತ್ತಿರುವುದು ಇವು ಕೂಡ ಕೋಪದ ವೇಷದಲ್ಲಿ ಬರುತ್ತವೆ. ಬಲ್ಲ ವೈದ್ಯರು ಇವನ್ನೆಲ್ಲ ವಿಚಾರಿಸಿಯೇ ನಿರ್ಣಯಕ್ಕೆ ಬರುತ್ತಾರೆ. ಚಿಕಿತ್ಸೆಯಲ್ಲಿ ಮುಖ್ಯವಾದುವು ತಾಯಿತಂದೆಗಳಿಗೆ ಕೊಡುವ ತರಬೇತು ಮತ್ತು ಆಶಾಭಂಗವನ್ನು ಸ್ವಲ್ಪಸ್ವಲ್ಪವಾಗಿ ತಾಳುವುದನ್ನು ಮಗುವಿಗೆ ಕಲಿಸುವ ಮಾತಿನ ಚಿಕಿತ್ಸೆ. ಜೊತೆಗೆ ಗಮನದ ತೊಂದರೆಯೋ ಖಿನ್ನತೆಯೋ ಇದ್ದರೆ ಔಷಧದಿಂದ ಸಹಾಯವಾಗುವುದುಂಟು. ಅದನ್ನು ವೈದ್ಯರೇ ತೂಗಿ ನೋಡಿ ಕೊಡಬೇಕು, ತಾಯಿತಂದೆಗಳು ತಾವಾಗಿ ಆರಂಭಿಸಲೂ ಬಾರದು, ನಿಲ್ಲಿಸಲೂ ಬಾರದು. ಸಾಯುತ್ತೇನೆ ಎಂಬ ಮಾತು ಮಗುವಿನ ಬಾಯಿಂದ ಬಂದರೆ ಅದನ್ನು ಹಟವೆಂದು ತಳ್ಳಿಹಾಕದೆ ಆ ದಿನವೇ ವೈದ್ಯರನ್ನು ಕಾಣಬೇಕು.

ಹುಚ್ಚಿನ ಡಾಕ್ಟರ ಬಳಿಗೆ ಮಗುವನ್ನು ಕರೆದೊಯ್ಯುವುದೆ ಎಂಬ ಸಂಕೋಚ ನಮ್ಮಲ್ಲಿ ಇನ್ನೂ ಹೋಗಿಲ್ಲ. ಮನಶ್ಶಾಸ್ತ್ರವು ನಮ್ಮ ನಾಡಿಗೆ ಅಪರಿಚಿತವೇನಲ್ಲ. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರೇ ಮಹಾರಾಜಾ ಕಾಲೇಜಿನಲ್ಲಿ ಆ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ. ದೂರದ ಊರಿನವರು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯ ಮೂಲಕ ಖರ್ಚಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಶಾಲೆಯ ಉಪಾಧ್ಯಾಯರಿಗೂ ವಿಷಯವನ್ನು ಮುಚ್ಚಿಡದೆ ತಿಳಿಸುವುದು ಲೇಸು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಪೀಡಿಸುವುದನ್ನೂ ನಿಷೇಧಿಸಿದೆಯೆಂಬುದು ತಾಯಿತಂದೆಗಳಿಗೆ ತಿಳಿದಿರಬೇಕು.

ನಮ್ಮ ಮಗನ ಕೋಪ ಪೂರ್ತಿಯಾಗಿ ಹೋಯಿತೆಂದು ಹೇಳಲಾರೆವು. ವಾರಕ್ಕೆ ಐದಾರು ಬಾರಿ ಬರುತ್ತಿದ್ದದ್ದು ತಿಂಗಳಿಗೆ ಎರಡು ಮೂರು ಬಾರಿ ಬರುತ್ತದೆ. ಮುಕ್ಕಾಲು ಗಂಟೆ ನಿಲ್ಲುತ್ತಿದ್ದದ್ದು ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಅವನು ಕೇಳಿದ ಪ್ರಶ್ನೆಗೆ ಮಾತ್ರ ಈಗ ನಮ್ಮಲ್ಲಿ ಉತ್ತರವಿದೆ. ಅವನ ತಾಯಿ ಅದನ್ನು ನಮಗಿಂತ ಚೆನ್ನಾಗಿ ಹೇಳುತ್ತಾರೆ: "ನೀನು ಕೆಟ್ಟವನಲ್ಲ ಕಂದ. ನಿನ್ನ ಸಿಟ್ಟು ದೊಡ್ಡದು, ನೀನಿನ್ನೂ ಚಿಕ್ಕವನು. ನೀನು ದೊಡ್ಡವನಾಗುವ ತನಕ ಅದನ್ನು ಹಿಡಿಯೋದಕ್ಕೆ ನಾವಿದ್ದೇವೆ." ಇಂತಹ ಮಗು ಯಾರ ಮನೆಯಲ್ಲಿದೆಯೋ ಅವರು ನೆರೆಯವರ ಮಾತಿಗೆ ನಾಚಿ ಬಾಗಿಲು ಮುಚ್ಚಿಕೊಳ್ಳದೆ, ಬಲ್ಲವರ ನೆರವನ್ನು ಬೇಗನೆ ಪಡೆಯಲಿ ಎಂಬುದೇ ನಮ್ಮ ಬಿನ್ನಹ.