ಚೆನ್ನೈ ಮಹಾನಗರದ ಕುಡಿಯುವ ನೀರು

ಚೆನ್ನೈ ನಗರಕ್ಕೆ ವರ್ಷವಿಡೀ ತುಂಬಿ ಹರಿಯುವ ನದಿಯ ಆಸರೆಯಿಲ್ಲ. ಇಲ್ಲಿಯ ವಾರ್ಷಿಕ ಸರಾಸರಿ ಮಳೆ ಸುಮಾರು 1,400 ಮಿಲಿಮೀಟರ್ ಇದ್ದರೂ ಅದರ ಹೆಚ್ಚಿನ ಪಾಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲೇ ಸುರಿಯುತ್ತದೆ. ಆ ಅಲ್ಪಾವಧಿಯಲ್ಲಿ ಕೂಡಿಟ್ಟ ನೀರಿನಿಂದ ಇಡೀ ವರ್ಷವನ್ನು ನಿಭಾಯಿಸಬೇಕಾಗಿರುವುದೇ ಈ ಮಹಾನಗರದ ಮುಖ್ಯ ಸಮಸ್ಯೆ.

ಪೂಂಡಿ, ಚೋಳವರಂ, ಪುಳಲ್ ಮತ್ತು ಚೆಂಬರಂಬಾಕ್ಕಂ ಜಲಾಶಯಗಳು ನಗರದ ಪ್ರಮುಖ ಜಲಮೂಲಗಳು. ಇವುಗಳ ನೀರನ್ನು ನೇರವಾಗಿ ಮನೆಗಳಿಗೆ ಒದಗಿಸಲಾಗದು. ಶುದ್ಧೀಕರಣ ಕೇಂದ್ರದಲ್ಲಿ ಪಟಿಕ ಬೆರೆಸಿದಾಗ ಮಣ್ಣಿನ ಕಣಗಳು ಒಂದುಗೂಡಿ ತಳಕ್ಕಿಳಿಯುತ್ತವೆ. ತಿಳಿಯಾದ ನೀರನ್ನು ಮರಳಿನ ಪದರಗಳ ಮೂಲಕ ಸೋಸಿ, ರೋಗಾಣುಗಳ ನಾಶಕ್ಕಾಗಿ ಕ್ಲೋರಿನ್ ಸೇರಿಸಿ ಕೊಳವೆಗಳಿಗೆ ಹಾಯಿಸಲಾಗುತ್ತದೆ. 1978ರಲ್ಲಿ ಸ್ಥಾಪಿತವಾದ ಚೆನ್ನೈ ಮಹಾನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಈ ಕಾರ್ಯವನ್ನು ನಿರ್ವಹಿಸುತ್ತದೆ.

ನಗರ ಬೆಳೆದಂತೆ ದೂರದ ಮೂಲಗಳನ್ನು ಅವಲಂಬಿಸುವುದು ಅನಿವಾರ್ಯವಾಯಿತು. 1976ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಮತ್ತು ಆಂಧ್ರಪ್ರದೇಶಗಳು ಕೃಷ್ಣಾ ನದಿಯ ತಮ್ಮ ಪಾಲಿನಿಂದ ವರ್ಷಕ್ಕೆ ತಲಾ 5 ಟಿ.ಎಂ.ಸಿ. ನೀರನ್ನು ಚೆನ್ನೈಗೆ ಬಿಟ್ಟುಕೊಡಲು ಸಮ್ಮತಿಸಿದವು. ತೆಲುಗು ಗಂಗಾ ಯೋಜನೆಯ ಕಾಲುವೆಯಲ್ಲಿ ಈ ನೀರು ಮೊದಲು ತಮಿಳುನಾಡನ್ನು ತಲುಪಿದ್ದು 1996ರಲ್ಲಿ. ಕಡಲೂರು ಜಿಲ್ಲೆಯ ವೀರಾಣಂ ಕೆರೆಯ ನೀರನ್ನು 2004ರಿಂದ 200 ಕಿಲೋಮೀಟರಿಗೂ ಹೆಚ್ಚು ದೂರ ಕೊಳವೆಗಳಲ್ಲಿ ತರಲಾಗುತ್ತಿದೆ. ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರಗಳು ಮೀಂಜೂರಿನಲ್ಲಿ 2010ರಲ್ಲಿಯೂ ನೆಮ್ಮೇಲಿಯಲ್ಲಿ 2013ರಲ್ಲಿಯೂ ಆರಂಭವಾದವು. ಪ್ರತಿಯೊಂದರ ಸಾಮರ್ಥ್ಯ ದಿನಕ್ಕೆ 10 ಕೋಟಿ ಲೀಟರ್. ಆದರೆ ಉಪ್ಪನ್ನು ಬೇರ್ಪಡಿಸಲು ಅಪಾರ ವಿದ್ಯುಚ್ಛಕ್ತಿ ಬೇಕಾಗುವುದರಿಂದ ಈ ನೀರು ದುಬಾರಿ.

ಇಷ್ಟೆಲ್ಲ ಏರ್ಪಾಡುಗಳಿದ್ದರೂ ಮಳೆಯ ಕೊರತೆಯಿಂದಾಗಿ 2019ರ ಬೇಸಿಗೆಯಲ್ಲಿ ನಾಲ್ಕೂ ಜಲಾಶಯಗಳು ಬಹುತೇಕ ಬತ್ತಿದವು. ಜುಲೈ ತಿಂಗಳಲ್ಲಿ ಜೋಲಾರಪೇಟೆಯಿಂದ ರೈಲಿನ ಮೂಲಕ ನೀರು ತರಬೇಕಾಯಿತು. ಅದಕ್ಕೆ ಕೇವಲ ನಾಲ್ಕು ವರ್ಷಗಳ ಹಿಂದೆ, 2015ರ ಡಿಸೆಂಬರಿನಲ್ಲಿ, ಇದೇ ನಗರ ಪ್ರವಾಹದಲ್ಲಿ ಮುಳುಗಿತ್ತು. ಹಾಗೆ ಸುರಿದ ನೀರಿನ ಬಹುಪಾಲು ಸಮುದ್ರವನ್ನು ಸೇರಿತು.

ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿದಿಡುವುದು ಎಷ್ಟು ಅಗತ್ಯವೆಂಬುದನ್ನು ಈ ಎರಡು ಘಟನೆಗಳು ತೋರಿಸಿಕೊಟ್ಟಿವೆ. ತಮಿಳುನಾಡು ಸರ್ಕಾರ 2003ರಲ್ಲಿಯೇ ಎಲ್ಲ ಕಟ್ಟಡಗಳಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿತು. ಛಾವಣಿಯ ನೀರು ಇಂಗುಗುಂಡಿಯ ಮೂಲಕ ಭೂಮಿಗೆ ಇಳಿದರೆ ಬಾವಿಗಳು ಚೇತರಿಸಿಕೊಳ್ಳುತ್ತವೆ. ಕರಾವಳಿಯಲ್ಲಿ ಅಂತರ್ಜಲಕ್ಕೆ ಸಮುದ್ರದ ಉಪ್ಪುನೀರು ನುಗ್ಗುವುದೂ ತಗ್ಗುತ್ತದೆ. ಆದರೆ ಹೂಳು ತುಂಬಿದ ಗುಂಡಿ ನಿರುಪಯುಕ್ತ. ಪ್ರತಿ ಹಿಂಗಾರಿಗೆ ಮೊದಲು ಛಾವಣಿ, ಕೊಳವೆ, ಗುಂಡಿಗಳನ್ನು ಶುಚಿಗೊಳಿಸುವುದು ಮನೆಯವರದೇ ಹೊಣೆ. ಜಲಾಶಯ ಕಟ್ಟುವುದು ಸರ್ಕಾರದ ಕೆಲಸ. ಅಂಗಳದ ಮಳೆಯನ್ನು ಉಳಿಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ.