ಪ್ರೇಮಕಾವ್ಯದಲ್ಲಿ ಗಂಡಸು

ಪ್ರೇಮಕಾವ್ಯವೆಂದರೆ ಹೆಣ್ಣಿನ ಕಣ್ಣು, ಮುಡಿ, ನಡಿಗೆಗಳ ವರ್ಣನೆ ಎಂದೇ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಬರೆದವರು ಹೆಚ್ಚಾಗಿ ಗಂಡಸರೇ ಆದ್ದರಿಂದ ಅದರಲ್ಲಿ ಸೋಜಿಗವೇನೂ ಇಲ್ಲ. ಆದರೆ ಅದೇ ಕವಿಗಳು ಒಲಿದ ಗಂಡಸನ್ನು ಹೇಗೆ ಕಂಡರು? ನಮ್ಮ ಹಳೆಯ ಜೈನ ಕವಿಗಳಲ್ಲಿ ಇದನ್ನು ಹುಡುಕಿದರೆ ಅಚ್ಚರಿಯಾಗುತ್ತದೆ. ವೈರಾಗ್ಯವನ್ನು ಹೇಳಹೊರಟವರು ಒಲವನ್ನು ಇಷ್ಟು ಹತ್ತಿರದಿಂದ ಬಲ್ಲವರಾಗಿದ್ದರು!

ಪಂಪನು 941ರಲ್ಲಿ ರಚಿಸಿದ ಆದಿಪುರಾಣದ ಲಲಿತಾಂಗದೇವನನ್ನು ನೋಡೋಣ. ಸ್ವರ್ಗದಲ್ಲಿ ಸ್ವಯಂಪ್ರಭೆಯೊಡನೆ ಸುಖವಾಗಿದ್ದವನಿಗೆ ಆಯುಷ್ಯ ಮುಗಿಯಲು ಆರು ತಿಂಗಳಿರುವಾಗ ಕೊರಳ ಮಾಲೆ ಬಾಡುತ್ತದೆ. ದೇವನಾದರೂ ಅವನು ಹಲುಬುತ್ತಾನೆ. ಮುಂದಿನ ಭವದಲ್ಲಿ ಅವನು ವಜ್ರಜಂಘ, ಅವಳು ಶ್ರೀಮತಿ. ಪೂರ್ವಜನ್ಮ ನೆನಪಾದ ಶ್ರೀಮತಿ ಅದನ್ನು ಪಟದಲ್ಲಿ ಚಿತ್ರಿಸಿ, ದಾದಿ ಪಂಡಿತೆಯ ಕೈಯಲ್ಲಿ ಜಿನಾಲಯಕ್ಕೆ ಕಳಿಸುತ್ತಾಳೆ. ಪಟ ಕಂಡ ವಜ್ರಜಂಘ ಮೂರ್ಛೆ ಹೋಗುತ್ತಾನೆ. ಅರಸುಮಗ ಹೀಗೆ ಬಿದ್ದದ್ದು ಕವಿಗೆ ನಾಚಿಕೆಯ ಸಂಗತಿಯಲ್ಲ. ಅವನೇ ಇವನೆಂಬ ಗುರುತು ಸಿಗುವುದೇ ಅದರಿಂದ. ಕೊನೆಗೆ ಶಯ್ಯಾಗೃಹದ ಧೂಪದ ಹೊಗೆಯಲ್ಲಿ ಇಬ್ಬರೂ ಒಟ್ಟಿಗೆ ಪ್ರಾಣ ಬಿಡುತ್ತಾರೆ. ಆ ಜೀವಗಳೇ ಹಲವು ಭವ ದಾಟಿ, ಒಂದು ಆದಿನಾಥ ಸ್ವಾಮಿಯಾಗಿ, ಇನ್ನೊಂದು ಹಸ್ತಿನಾಪುರದಲ್ಲಿ ಅವರಿಗೆ ಕಬ್ಬಿನ ಹಾಲಿನ ಆಹಾರವಿತ್ತ ಶ್ರೇಯಾಂಸನಾಗಿ ಬರುತ್ತವೆ. ಅಕ್ಷಯ ತೃತೀಯೆಯ ದಿನ ಈ ಹಿಂದಿನ ಕಥೆಯನ್ನೂ ಮಕ್ಕಳಿಗೆ ಹೇಳಬಹುದು.

ಜನ್ನನ ಯಶೋಧರ ಬೇರೆಯೇ ಬಗೆ. 1209ರ ಯಶೋಧರ ಚರಿತೆಯನ್ನು ಓದಿದವರೆಲ್ಲ ಅಮೃತಮತಿಯನ್ನು ಬೈಯುತ್ತಾರೆ, ಮಾವುತ ಅಷ್ಟಾವಂಕನನ್ನು ಕಂಡು ಹೇಸುತ್ತಾರೆ. ಗಂಡನ ಕಡೆ ನೋಡುವವರು ಕಡಿಮೆ. ನಡುರಾತ್ರಿ ಹೆಂಡತಿಯ ಹಿಂದೆ ಹೋಗಿ ಎಲ್ಲವನ್ನೂ ಕಣ್ಣಾರೆ ಕಂಡ ಅರಸ ಕತ್ತಿ ಎತ್ತಿಯೂ ಹೊಡೆಯುವುದಿಲ್ಲ. ಇಲ್ಲಿಯವರೆಗೆ ಅವನು ದೊಡ್ಡವನೇ. ಮರುದಿನ ನೆಯ್ದಿಲ ಹೂವಿನಿಂದ ಅವಳನ್ನು ಹೊಡೆದು, ಅದಕ್ಕೇ ಮೂರ್ಛೆ ಬಂದವಳಂತೆ ಬಿದ್ದವಳನ್ನು ಚುಚ್ಚಿ ಮಾತಾಡುತ್ತಾನೆ. ಮಗನ ಬಾಡಿದ ಮುಖ ಕಂಡು ತಾಯಿ ಚಂದ್ರಮತಿ ಕೇಳಿದರೆ, ಕೆಟ್ಟ ಕನಸು ಬಿತ್ತೆನ್ನುತ್ತಾನೆ. ಆ ಒಂದು ಸುಳ್ಳಿನಿಂದಲೇ ಕನಸಿನ ದೋಷಕ್ಕೆ ಬಲಿಯ ಮಾತು ಬಂತು, ಹಿಟ್ಟಿನ ಕೋಳಿ ಬಂತು, ಸಂಕಲ್ಪಹಿಂಸೆಯ ಪಾಪ ತಗಲಿತು, ತಾಯಿ-ಮಗ ಜನ್ಮಜನ್ಮ ತೊಳಲಿದರು. ಹಿಂಸೆಯ ಫಲವನ್ನು ಹೇಳುವುದೇ ಈ ಕಾವ್ಯದ ಗುರಿ, ಒಪ್ಪಿದೆವು. ಆದರೆ ಅಷ್ಟೂ ಅನರ್ಥದ ಮೊದಲಲ್ಲಿ ನಮಗೆ ಕಾಣುವುದು, ನೋವನ್ನು ಹೆತ್ತ ತಾಯಿಯ ಮುಂದೂ ಆಡಲಾರದ ಒಬ್ಬ ಗಂಡಸು. ‘ಗಂಡು ಹುಡುಗನಾಗಿ ಅಳುತ್ತೀಯಾ?’ ಎಂದು ಮಗನನ್ನು ಗದರಿಸುವ ಮನೆಗಳಲ್ಲಿ ಈ ಭಾಗವನ್ನು ಇನ್ನೊಮ್ಮೆ ಓದಬೇಕು.

ನಾಗಚಂದ್ರನ ರಾವಣನದೂ ಬಹುಮಟ್ಟಿಗೆ ಇದೇ ಪಾಡು. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತ ಅವನಿಗುಂಟು. ತನ್ನ ಮಾತಿಗೆ ಸೀತೆ ಮೂರ್ಛೆ ಹೋದುದನ್ನು ಕಂಡು ಅವನ ಮನಸ್ಸು ತಿಳಿಯಾಗುತ್ತದೆ, ಪಶ್ಚಾತ್ತಾಪವಾಗುತ್ತದೆ. ಅಲ್ಲೇ ಒಪ್ಪಿಸಿಬಿಟ್ಟಿದ್ದರೆ? ಆದರೆ ಈಗ ಕೊಟ್ಟರೆ ಜನ ಹೇಡಿಯೆಂದಾರು. ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು ಆಮೇಲೆ ಸೀತೆಯನ್ನು ಕೊಡುವೆನೆಂದುಕೊಂಡು ರಣರಂಗಕ್ಕೆ ಹೋಗುತ್ತಾನೆ.

ರತ್ನಾಕರವರ್ಣಿಯ ಭರತೇಶನಿಗೆ ಮಾತ್ರ ಈ ಬಿಗುಮಾನವಿಲ್ಲ. ರಾಣಿಯರೊಡನೆ ಮಾತು, ಹಾಡು, ಸರಸ ಎಲ್ಲದರಲ್ಲೂ ಅವನು ಸಲೀಸು. ತೊಂಬತ್ತಾರು ಸಾವಿರ ರಾಣಿಯರ ಲೆಕ್ಕ ಪುರಾಣದ್ದು, ಬಿಡಿ.

ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಮದುವೆಗಳಲ್ಲಿ ಒಡಪು ಹಾಕಿ ಹೆಸರು ಹೇಳುವ ರೂಢಿಯಿದೆ. ನೆರೆಯ ಮರಾಠಿ ಮನೆಗಳಲ್ಲಿ ಅದೇ ಉಖಾಣೆ. ಮದುಮಗಳು ಪ್ರಾಸ ಕೂಡಿಸಿ ಗಂಡನ ಹೆಸರು ಹೇಳಿಬಿಡುತ್ತಾಳೆ. ಮದುಮಗನ ಸರದಿ ಬಂದಾಗ ಅವನು ಗೆಳೆಯರ ಮುಖ ನೋಡುತ್ತಾನೆ, ಅಕ್ಕ ಹಿಂದಿನಿಂದ ಮೆಲ್ಲಗೆ ಸಾಲು ಹೇಳಿಕೊಡುತ್ತಾಳೆ.